ಚಿತ್ರವಿಲ್ಲದ ಕಂತು

ಕಾಲಯಂತ್ರವು ಟಾಟಾ ಏಸಿನ ಮೇಲೆ ಅಂಗಾತ ಮಲಗಿಕೊಂಡು ಕಲ್ಬಾವಿಹಾಳಿಗೆ ಬಂತು. ಎರಡೂ ಕಡೆ ಹಗ್ಗ ಬಿಗಿದಿದ್ದರೂ ಪ್ರತಿ ತಗ್ಗಿಗೂ ಅದರ ಗಾಜು ಗಡಗಡ ನಡುಗುತ್ತಿತ್ತು. ಪಕ್ಕದಲ್ಲಿ ಕಾಲು ಚಾಚಿ ಕುಳಿತ ಹುಲುಗಪ್ಪ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಯಂತ್ರದ ಬಾಗಿಲು ಹಿಡಿದುಕೊಂಡು, "ಲೇ, ಸಾವಕಾಶ ಹೊಡಿಯಲೇ! ಒಳಗ ಮುನ್ನೂರು ವರ್ಷ ಅದಾವ, ಒಡೆದುಗಿಡೆದಾವು" ಎಂದು ಡ್ರೈವರನಿಗೆ ಬೈಯುತ್ತಿದ್ದ.

ಯಂತ್ರವೆಂದರೆ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎಸ್‌.ಟಿ.ಡಿ. ಬೂತು. ಪೋಲಿಯೊ ಬಡಿದ ಕಾಲಿನ ಲೆಕ್ಕದಲ್ಲಿ ಹುಲುಗಪ್ಪನಿಗೆ ಸರ್ಕಾರ ಕೊಟ್ಟದ್ದು. ಒಂದು ಕಾಲದಲ್ಲಿ ಅದರ ಮುಂದೆ ಜನ ಸಾಲುಗಟ್ಟುತ್ತಿದ್ದರು. ಒಳಗಿನವರು ಅತ್ತರೆ ಹೊರಗಿನವರಿಗೆ ಗಾಜಿನಲ್ಲಿ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮೊಬೈಲು ಬಂದ ಮೇಲೆ ಅದರೊಳಗೆ ಜೆರಾಕ್ಸ್ ಕಾಗದದ ಬಂಡಲು ಸೇರಿದವು. ಆ ಬಂಡಲುಗಳನ್ನು ಹೊರಗೆ ಹಾಕಿಸಿ, ಗಾಜು ಒರೆಸಿ, ಕೆಂಪಂಕಿಯ ಮೀಟರಿಗೆ ಮತ್ತೆ ಜೀವ ಬರಿಸಿ, "ಚಿಗಪ್ಪ, ಇನ್ನಮ್ಯಾಲ ಇದು ಊರಿಂದ ಊರಿಗಿ ಅಲ್ಲ, ವರ್ಷದಿಂದ ವರ್ಷಕ್ಕ ಹೋಗ್ತೈತಿ" ಎಂದವಳು ಅವನ ಅಣ್ಣನ ಮಗಳು ಕ್ರಾಂತಿ.

ಕ್ರಾಂತಿ ಕೂಡ್ಲಿಗಿ ಡಿಪೊದ ಕಂಡಕ್ಟರ್. ವಾರವೆಲ್ಲ ಬಸ್ಸಿನಲ್ಲಿ ಸೀಟಿ ಊದಿದವಳಿಗೆ ರಜೆ ಸಿಕ್ಕ ಭಾನುವಾರ ಅಂಬೇಡ್ಕರ್ ಭವನದ ಓದುಬಳಗ. ಅಲ್ಲಿ ಪುಸ್ತಕ ಓದಿ, ಜಗಳಾಡಿ, ಗಂಟಲು ಒಣಗಿದ ಮೇಲೆ ಗೋಡೆಗೆ ಪ್ರೊಜೆಕ್ಟರ್ ಬಿಡುತ್ತಿದ್ದರು. ಈ ವರ್ಷ ಬಿಟ್ಟದ್ದು ಇಂಗ್ಲೆಂಡಿನ ಟೀವಿಯವರು ಅರವತ್ತು ವರ್ಷದ ಹಿಂದೆ ತೆಗೆದ ಒಂದು ಕಪ್ಪುಬಿಳುಪು ಧಾರಾವಾಹಿ. ಬೀದಿಯಲ್ಲಿ ನಿಂತಿರುವಂಥ ಸಾದಾ ಡಬ್ಬಿಯೊಂದರಲ್ಲಿ ಹೊಕ್ಕು ಯಾವ ಶತಮಾನಕ್ಕೆ ಬೇಕಾದರೂ ಹೋಗಿ ಇಳಿಯುವ ಒಬ್ಬ ಮುದುಕನ ಕತೆ. ರಟ್ಟಿನ ಗೋಡೆ, ತಗಡಿನ ರಾಕ್ಷಸರು. ಆದರೂ ನೋಡುತ್ತ ಕುಳಿತರೆ ಏಳಲು ಮನಸ್ಸಾಗುತ್ತಿರಲಿಲ್ಲ. ಕ್ರಾಂತಿ ಪಕ್ಕದಲ್ಲಿ ನಿಂತು ಮಾತುಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದಳು.

ಅವಳ ಅಜ್ಜಿ, ಹುಲುಗಪ್ಪನ ತಾಯಿ ಸುಂಕಮ್ಮ ಮುಂದಿನ ಸಾಲಿನಲ್ಲಿ ಎಲೆಯಡಿಕೆ ಜಗಿಯುತ್ತ ಕೆಲವು ವಾರ ಸುಮ್ಮನೆ ನೋಡಿದಳು. ಒಂದು ದಿನ ಆ ಮುದುಕ ಯಾವುದೋ ಅರಮನೆಗೆ ಇಳಿದು, ನೇರ ಒಳಗೆ ನಡೆದು, ರಾಜನ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಅವಳಿಗೆ ತಡೆಯಲಾಗಲಿಲ್ಲ.

"ಅಲ್ಲವ್ವಾ, ಇಂವ ಯಾವ ಊರಿಗಿ ಇಳಿದ್ರೂ 'ನೀ ಯಾರ ಪೈಕಿ' ಅಂತ ಒಬ್ಬರೂ ಕೇಳವಲ್ಲರಲ್ಲ?"

ಭವನವೆಲ್ಲ ನಕ್ಕಿತು. ಸುಂಕಮ್ಮ ನಗಲಿಲ್ಲ.

"ನಗಬ್ಯಾಡ್ರಿ. ನನ್ನ ಆ ಡಬ್ಬ್ಯಾಗ ಕುಂದ್ರಿಸಿ ಹಿಂದಕ್ಕ ಕಳಿಸಿದ್ರ ನಾ ಎಲ್ಲಿ ಇಳೀಲಿ? ಇಳಿಯೂಕಿಂತ ಮೊದ್ಲ ಚಪ್ಪಲಿ ಕೈಯಾಗ ಹಿಡ್ಕಾಬೇಕು."

ಆ ದಿನ ಯಾರೂ ಮುಂದಿನ ಕಂತು ಹಾಕೆನ್ನಲಿಲ್ಲ. ನಮ್ಮದೇ ಧಾರಾವಾಹಿ ತೆಗೆಯೋಣ, ಇಳಿದ ಕಡೆಯಲ್ಲೆಲ್ಲ 'ಯಾರ ಪೈಕಿ' ಎಂದು ಕೇಳಿಸಿಕೊಳ್ಳುವವರ ಧಾರಾವಾಹಿ, ಎಂಬ ಮಾತು ಹುಟ್ಟಿದ್ದು ಹಾಗೆ. ಕಾಲದ ಪ್ರಯಾಣಿಕ ಹುಲುಗಪ್ಪ. ಕ್ಯಾಮೆರಾ ಕೊಟ್ಟೂರಿನಲ್ಲಿ ಮದುವೆ ಸ್ಟುಡಿಯೊ ಇಟ್ಟಿರುವ ಗವಿಸಿದ್ದೇಶನದು. ಓದುಬಳಗಕ್ಕೆ ಬರುತ್ತಿದ್ದ ಒಬ್ಬನೇ ಒಬ್ಬ ಮೇಲ್ಗೇರಿಯ ಹುಡುಗ.

ಯೂಟ್ಯೂಬಿಗೆ ಬಿಟ್ಟ ಮೊದಲೆರಡು ಕಂತು ನಗೆಯಾಟ. ಬೂತು ಮುಂದಿನ ಶತಮಾನಕ್ಕೆ ಹೋದರೂ ಕೂಡ್ಲಿಗಿ ಕಚೇರಿಯಲ್ಲಿ "ಸಾಹೇಬ್ರು ಮೀಟಿಂಗಿಗಿ ಹೋಗ್ಯಾರ" ಎಂಬ ಉತ್ತರವೇ ಸಿಕ್ಕಿದ್ದನ್ನು ಹರಪನಹಳ್ಳಿ, ಹಡಗಲಿಯವರೂ ನೋಡಿ ನಕ್ಕಿದ್ದರು. ಮೂರನೆಯದು ನಗೆಯಾಟವಲ್ಲ. ಬೂತು ಕಲ್ಬಾವಿಹಾಳಿಗೆ, ಸುಂಕಮ್ಮನ ತವರಿಗೆ, ಅವಳು ಲಂಗ ಉಡುತ್ತಿದ್ದ ಕಾಲಕ್ಕೆ ಹೋಗುವುದಿತ್ತು. ಅಲ್ಲಿಯ ಹೋಟೆಲಿನ ಹೊರಗೋಡೆಗೆ ಒಂದು ಗೂಡಿತ್ತು. ಕೇರಿಯವರ ಲೋಟಗಳು ಅದರಲ್ಲಿ. ತಾವೇ ತೆಗೆದು ಹಿಡಿಯಬೇಕು, ಮೇಲಿನಿಂದ ಹೊಯ್ದದ್ದನ್ನು ಕುಡಿಯಬೇಕು, ತಾವೇ ತೊಳೆದು ಮತ್ತೆ ಗೂಡಿನಲ್ಲಿಡಬೇಕು. ಆ ಹೋಟೆಲು ಈಗಲೂ ಇದೆ. ಗೂಡಿಗೆ ಹಲಗೆ ಬಡಿದು ಗೋಡೆಯುದ್ದಕ್ಕೂ ಹೂವಿನ ಟೈಲ್ಸ್ ಅಂಟಿಸಿದ್ದಾರೆ. ಮಾಲೀಕ ಅಜ್ಜಯ್ಯ, ಗವಿಸಿದ್ದೇಶನ ಅಪ್ಪ.

ಕತೆ ಬರೆಯುವಾಗ ಕ್ರಾಂತಿ ಅಜ್ಜಿಗೆ ಇಂಥ ಧಾರಾವಾಹಿಗಳ ಕಟ್ಟಳೆ ಹೇಳಿದ್ದಳು: ಹಿಂದಕ್ಕೆ ಹೋದವರು ನಡೆದದ್ದನ್ನು ಬದಲಿಸಬಾರದು.

"ಬದಲಿ ಮಾಡಬಾರ್ದಂದ್ರ ಅಷ್ಟ್ ದೂರ ಯಾಕ ಹೋಗ್ಬೇಕು? ಮನಿಯಾಗ ಕುಂದ್ರಬಾರ್ದ?"

"ನೋಡಿ ಬಂದು ಹೇಳಾಕಬೇ."

"ಹಂಗಾರ ನಾನ ಹೇಳ್ತೀನಿ. ನಾ ನೋಡೀನಿ. ಹೊಳ್ಳಿ ಹೋಗೂ ಜರೂರಿಲ್ಲ."

ಹಾಗಾಗಿ ಆ ಕಂತಿನಲ್ಲಿ ಪ್ರಯಾಣಿಕನಿಗಿಂತ ಅವಳದೇ ಮಾತು ಹೆಚ್ಚು. ಆದರೆ ಕ್ಯಾಮೆರಾ ಕಂಡರೆ ಮುದುಕಿ ಆಧಾರ್ ಫೋಟೊಕ್ಕೆ ನಿಂತವಳ ಹಾಗೆ ಬಿಗಿದುಕೊಳ್ಳುತ್ತಿದ್ದಳು. ಸೆರಗಿಗೆ ಮೈಕು ಸಿಕ್ಕಿಸಿದರೆ ಜಿರಳೆ ಹತ್ತಿದಂತೆ ಕೊಡವುತ್ತಿದ್ದಳು. ಉಪಾಯ ಹುಡುಕಿದವನು ಹುಲುಗಪ್ಪ. ಬೂತಿನ ಹಳೆಯ ರಿಸೀವರಿನೊಳಗೆ ಮೈಕು ಕೂರಿಸಿ, ಅದರ ತಂತಿಯನ್ನು ಕೆಳಗಿನ ಡ್ರಾಯರಿನಲ್ಲಿಟ್ಟ ತನ್ನ ಮೊಬೈಲಿಗೆ ಜೋಡಿಸಿದ. ಚಿತ್ರ ಕ್ಯಾಮೆರಾದ ಕಾರ್ಡಿಗೆ, ಧ್ವನಿ ಮೊಬೈಲಿಗೆ. ಆಮೇಲೆ ಎರಡನ್ನೂ ಕೂಡಿಸುವುದು. ರಿಸೀವರ್ ಕೈಗೆ ಬಂದದ್ದೇ ತಡ, ಕಾಫಿ ಎಸ್ಟೇಟಿಗೆ ದುಡಿಯಲು ಹೋಗಿದ್ದ ಹಿರಿಮಗನ ಜೊತೆ ಇದೇ ಬೂತಿನಲ್ಲಿ ನಿಂತು ಮಾತಾಡುತ್ತಿದ್ದವಳಂತೆ ಸುಂಕಮ್ಮ ಸಡಿಲಾದಳು. ಬೂತನ್ನು ಹೋಟೆಲಿನ ಎದುರು ಚಾವಡಿ ಬಯಲಿನಲ್ಲಿ ಇಳಿಸಿ ನಿಲ್ಲಿಸಿದ ಆ ಬೆಳಿಗ್ಗೆ, ಗೂಡಿನ ಕತೆಯನ್ನು ಅವಳು ಎಲ್ಲಿಯೂ ತಡವರಿಸದೆ ಹೇಳಿದಳು.

ನಡುವೆ ಗವಿಸಿದ್ದೇಶ ಬ್ಯಾಟರಿ ಬದಲಿಸಲು ಕ್ಯಾಮೆರಾ ಆರಿಸಿದ. ಆಗ ಅಜ್ಜಯ್ಯ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಹೋಟೆಲಿನಿಂದ ಇಳಿದು ಬೂತಿನ ಬಾಗಿಲಿಗೆ ಬಂದು ನಿಂತು, ಸುಂಕಮ್ಮನ ಜೊತೆ ಅದೇನೋ ಮಾತಾಡಿ ಹೋದ. ದೂರದಲ್ಲಿದ್ದ ಕ್ರಾಂತಿಗೆ ಕಂಡದ್ದು ಅವನ ನಗುಮುಖ ಮಾತ್ರ. ಅಂದೇ ಸಂಜೆ ಆ ಕಂತು ಯಾವುದರ ಕುರಿತು ಎಂಬ ಸುದ್ದಿ ಅವನ ಕಿವಿಗೆ ಬಿತ್ತು.

ಅಜ್ಜಯ್ಯ ಬಸ್ಸು ಹತ್ತುವ ಕುಳವಲ್ಲ. ಆದರೂ ಎರಡು ದಿನ ಬಿಟ್ಟು, ಉಜ್ಜಿನಿಯಿಂದ ಹೊಳ್ಳುತ್ತಿದ್ದ ಕ್ರಾಂತಿಯ ಬಸ್ಸನ್ನು ಕೊಟ್ಟೂರಿನಲ್ಲಿ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತ. ಹಣೆ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಪಕ್ಕದಲ್ಲಿ ಉಜ್ಜಿನಿಗೆ ಹೋಗಿಬಂದ ತಿಪ್ಪೇರುದ್ರಮ್ಮ ಎಂಬ ಮುದುಕಿ ತೆಂಗಿನಹೋಳಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಕಲ್ಬಾವಿಹಾಳು ಒಂದು. ಸುಂಕಮ್ಮನ ಮೊಮ್ಮಗಳಲ್ಲೇನವ್ವಾ ನೀನು?" ಎಂದ ಅಜ್ಜಯ್ಯ.

"ಹೌದ್ರಿ."

"ಚಲೋ ಓದೀದಿ, ನೌಕರಿ ಹಿಡ್ದೀದಿ. ನಮಗೂ ಖುಷಿನ. ಅದೇನೋ ನಾಟಕ ತೆಗ್ಯಾಕತ್ತೀರಂತಲ್ಲ..."

"ಧಾರಾವಾಹಿ ರೀ."

"ಅದ. ಹಿಂದಿನ ಕಾಲಕ್ಕ ಹೋಗೂದಂತ. ಹೋಗ್ರಿ, ಯಾರು ಬ್ಯಾಡಂದ್ರು? ವಿಜಯನಗರಕ್ಕ ಹೋಗ್ರಿ, ಪಾಳೇಗಾರರ ಕಾಲಕ್ಕ ಹೋಗ್ರಿ. ಮುತ್ತುರತ್ನ ಸೇರಿನಾಗ ಅಳೀತಿದ್ರು, ಅದನ್ನ ತೋರಿಸ್ರಿ. ಕಿರೀಟ, ಕತ್ತಿ, ಡ್ರೆಸ್ಸು ಎಲ್ಲಾ ನಾ ತರಿಸಿ ಕೊಡ್ತೀನಿ."

"ಅಲ್ಲಿಗಿ ಹೋದ್ರ ನಮ್ಮನ್ನ ಎಲ್ಲಿ ನಿಂದ್ರಿಸ್ತಾರ್ರಿ? ಕಿರೀಟದ ಬಾಜೂಕೋ, ಕುದುರಿ ಲದ್ದಿ ಬಾಜೂಕೋ?"

ತಿಪ್ಪೇರುದ್ರಮ್ಮ ಕಿಸಕ್ಕನೆ ನಕ್ಕು ಸೆರಗು ಬಾಯಿಗಿಟ್ಟುಕೊಂಡಳು. ಅಜ್ಜಯ್ಯ ಧ್ವನಿ ತಗ್ಗಿಸಿದ.

"ನೋಡವ್ವಾ, ನಮ್ಮ ಹೋಟ್ಲಾಗ ಅಂಥಾದ್ದು ಇರ್ಲಿಲ್ಲ. ನಮ್ಮಪ್ಪ ದೇವರಂಥ ಮನಷ್ಯ."

"ಗೂಡು ಇತ್ತಲ್ರಿ."

"ಗೂಡಿನಾಗ ದೀಪ ಹಚ್ತಿದ್ವಿ."

ಕ್ರಾಂತಿ ಟಿಕೆಟ್ ಮಷಿನ್ನಿನಿಂದ ಕಣ್ಣೆತ್ತಿ ಅವನ ಮುಖ ನೋಡಿದಳು. ರೆಪ್ಪೆ ಕೂಡ ಮಿಟುಕಿಸದೆ ಹೇಳಿದ್ದ. ಕೇರಿಯವರ ಲೋಟ ಇದ್ದ ಜಾಗದಲ್ಲಿ ದೀಪ ಹಚ್ಚಿಬಿಟ್ಟರೆ ಮುಗಿಯಿತಲ್ಲ, ಕೈಮುಗಿಯುವುದೊಂದೇ ಬಾಕಿ!

"ಈಗ ಎಲ್ಲಾರೂ ಒಳಗ ಕುಂತು ತಿಂತಾರ. ಹಳೇ ಗಾಯ ಕೆರೆದು ಏನ್ ಮಾಡ್ತೀರಿ?"

"ಗಾಯ ಯಾರದು, ಅದನ್ನ ಹೇಳ್ರಿ ಮೊದ್ಲ."

"ಹೇಳವಲ್ರ್ಯಾಕ, ಹೇಳ್ರಿ" ಎಂದಳು ತಿಪ್ಪೇರುದ್ರಮ್ಮ, ಅವಳನ್ನು ಯಾರೂ ಕೇಳದಿದ್ದರೂ.

ಬಸ್ಸು ಕಲ್ಬಾವಿಹಾಳು ಕ್ರಾಸಿಗೆ ನಿಂತಿತು. ಅಜ್ಜಯ್ಯ ಎದ್ದು, ಮೆಟ್ಟಿಲ ಮೇಲೆ ತಿರುಗಿ, "ಆ ಕಂತು ಬರಂಗಿಲ್ಲ, ನೋಡ್ತಿರು" ಎಂದ.

"ಜಲ್ದಿ ಇಳೀರಿ. ಟೈಮಾಗೈತಿ" ಎಂದು ಕ್ರಾಂತಿ ಸೀಟಿ ಊದಿದಳು. ಆದರೆ ಕ್ಯಾಮೆರಾದ ಕಾರ್ಡು ಇನ್ನೂ ಗವಿಸಿದ್ದೇಶನ ಸ್ಟುಡಿಯೊದಲ್ಲಿತ್ತು.

ಮರುದಿನ ಗವಿಸಿದ್ದೇಶ ತಾನೇ ಕೂಡ್ಲಿಗಿಗೆ ಮರಳಿದ್ದ ಬೂತಿಗೆ ಬಂದ. ಮುಖ ನೋಡಿದರೆ ಮೂರು ದಿನದ ಜ್ವರ.

"ಅಕ್ಕಾ, ಕಾರ್ಡ್ ಹೋತು."

"ಎಲ್ಲಿಗಿ ಹೋತು? ಕಾಲಿದ್ದವೇನು ಅದಕ್ಕ?"

"ಅಪ್ಪ ಸ್ಟುಡಿಯೊಕ್ಕ ಬಂದ್ರು. ಎದುರಿಗಿ ಕುಂತು ಅಳಿಸಾಕ ಹಚ್ಚಿದ್ರು. ಮ್ಯಾಲ ಒಂದ್ ಮದುವಿ ಪೂರ್ತಿ ತುಂಬಿಸಿದ್ರು. ಇನ್ನ ತೆಗ್ಯಾಕ ಬರಂಗಿಲ್ಲ."

ಮತ್ತೆ ತೆಗೆಯಬಹುದು, ಆದರೆ ಆ ಬಯಲಿಗೆ ಇನ್ನೊಮ್ಮೆ ಬೂತು ಇಳಿಯಲು ಬಿಡುವರೇ? ಬಿಟ್ಟರೂ ಅಜ್ಜಿ ಆ ದಿನ ಹೇಳಿದ ಹಾಗೆ ಮತ್ತೆ ಹೇಳುವಳೇ? ಅರವತ್ತು ವರ್ಷ ಯಾರೂ ಕೇಳದ ಮಾತು ಒಮ್ಮೆ ಬಾಯಿಗೆ ಬಂದಿತ್ತು.

"ಗೂಡು ಮುಚ್ಚಿದ್ರು. ಈಗ ಕಾರ್ಡು ಮುಚ್ಚಿದ್ರಿ. ನಿಮ್ಮ ಮನ್ಯಾಗ ಮುಚ್ಚೂದೊಂದ ಕಸುಬೇನಲೇ ಗವಿ?"

ಗವಿಸಿದ್ದೇಶ ನೆಲ ನೋಡುತ್ತಿದ್ದ. "ಅಪ್ಪ ಕಾರ್ಡ್ ಕೇಳಿದ್ರು ಅಕ್ಕಾ. ಕಾರ್ಡಿನಾಗ ಏನರೆ ಉಳದೈತೇನಂದ್ರು. ಇಲ್ಲಂದೆ." ರಿಸೀವರಿನತ್ತ ಕಣ್ಣು ಹಾಯಿಸಿ, "ಕಾರ್ಡ್ ಅಷ್ಟ ಕೇಳಿದ್ರು" ಎಂದ.

ಹುಲುಗಪ್ಪ ಊರುಗೋಲನ್ನು ನೆಲಕ್ಕೆ ಕುಟ್ಟಿದ. "ನನ್ನ ಮೊಬೈಲು!"

ಮದುವೆ ವಿಡಿಯೊದಲ್ಲಿ ಚಿತ್ರ, ಧ್ವನಿ ಎರಡೂ ಒಂದೇ ಕಾರ್ಡಿಗೆ ಹೋಗುತ್ತವೆ. ಮಗನ ಕಸುಬನ್ನು ಅಷ್ಟೇ ಬಲ್ಲ ಅಜ್ಜಯ್ಯನಿಗೆ ರಿಸೀವರಿನೊಳಗಿನ ಮೈಕು ಗೊತ್ತಿರಲಿಲ್ಲ. ಗೊತ್ತಿದ್ದ ಮಗ ಹೇಳಿರಲಿಲ್ಲ. ಗವಿಸಿದ್ದೇಶ ಒಂದು ಒಳ್ಳೆಯ ಮಾತಿಗಾಗಿ ಕಾಯುವವನಂತೆ ನಿಂತೇ ಇದ್ದ.

"ಅರ್ಧ ಧೈರ್ಯಕ್ಕ ಶಾಬಾಸ್ ಅನ್ನಾಕ ನನಗ ಪುರುಸೊತ್ತಿಲ್ಲ. ಉಳಿದರ್ಧ ತಗೊಂಡು ಬಾ" ಎಂದಳು ಕ್ರಾಂತಿ.

ಮೂವರೂ ಬೂತಿನೊಳಗೆ ಒತ್ತಿ ನಿಂತು ಕೇಳಿದರು. ಸುಂಕಮ್ಮನ ಮಾತು ಮೊದಲಿನಿಂದ ಕೊನೆಯವರೆಗೆ ಇತ್ತು. ನಡುವೆ ಕೋಳಿ ಕೂಗಿದ್ದು, ಬೈಕೊಂದು ಹೋದದ್ದು, ಮುದುಕಿ ಎಲೆಯಡಿಕೆ ಉಗುಳಲು ಜಾಗ ಹುಡುಕಿ "ಎಲ್ಲಿ ಉಗುಳ್ಲಿ ಇಲ್ಲಿ" ಎಂದದ್ದು ಕೂಡ. ಬ್ಯಾಟರಿ ಬದಲಿಸುವಾಗ ಆರಿದ್ದು ಕ್ಯಾಮೆರಾ ಮಾತ್ರ. ಮೊಬೈಲನ್ನು ಯಾರೂ ಆರಿಸಿರಲಿಲ್ಲ. ಅಲ್ಲಿ ಇನ್ನೊಂದು ಧ್ವನಿ ಬಂತು. "ಏನಬೇ ಸುಂಕಮ್ಮಾ, ಇನ್ನೂ ಗಟ್ಟಿ ಅದಿಯಲ್ಲ!"

ಗವಿಸಿದ್ದೇಶ ಮೊಬೈಲಿನತ್ತ ಬಾಗಿದ. ಅದು ಅವನ ಅಪ್ಪ. ಮುಂದಿನದನ್ನೂ ಮೂವರು ಕೊನೆಯವರೆಗೆ ಕೇಳಿದರು.

"ಇದನ್ನ ಕಟ್ ಮಾಡ್ತೀರೇನಕ್ಕಾ?" ಎಂದ ಗವಿಸಿದ್ದೇಶ.

"ಯಾಕ ಮಾಡ್ಲಿ?"

ಕ್ರಾಂತಿಗೆ ನೆನಪಾದದ್ದು ಆ ಇಂಗ್ಲಿಷ್ ಧಾರಾವಾಹಿಯೇ. ಅದರ ಹಳೆಯ ಎಷ್ಟೋ ಕಂತು ಈಗಿಲ್ಲ. ಟೀವಿಯವರೇ ಟೇಪು ಅಳಿಸಿ ಮೇಲೆ ಬೇರೇನೋ ತುಂಬಿದ್ದರು. ಆದರೆ ಅದನ್ನು ಮನೆಯಲ್ಲಿ ನೋಡುತ್ತಿದ್ದ ಹುಡುಗರು ಟೀವಿಯ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿಟ್ಟಿದ್ದರು. ಚಿತ್ರವಿಲ್ಲದ ಆ ಕಂತುಗಳನ್ನು ಜನ ಇಂದಿಗೂ ಕೇಳುತ್ತಾರೆ. ಓದುಬಳಗದವರೂ ಒಂದನ್ನು ಖಾಲಿ ಗೋಡೆ ನೋಡುತ್ತ ಕೇಳಿದ್ದರು.

"ಹಿಂಗ ತೋರಿಸೂನು" ಎಂದಳು. "ಪಡದಿ ಕಟ್ಟೂನು. ಪಡದಿ ಮ್ಯಾಲ ಏನೂ ಬ್ಯಾಡ. ಅಲ್ಲೇ, ಹೋಟ್ಲಿನ ಎದುರಿಗಿ."

"ಕತ್ತಲಾದ ಮ್ಯಾಲೇನು?" ಎಂದ ಹುಲುಗಪ್ಪ.

"ಚಿತ್ರ ಇಲ್ಲದ್ದಕ್ಕ ಕತ್ತಲಿ ಯಾಕ ಚಿಗಪ್ಪ? ಹಾಡಹಗಲೇ ತೋರಿಸೂನು."

ಭಾನುವಾರ ಬೆಳಿಗ್ಗೆ, ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ಬಿಸಿಯಾಗಿರುವ ಹೊತ್ತಿಗೆ, ಚಾವಡಿ ಬಯಲಿನ ಎರಡು ಬೇವಿನ ಮರಗಳ ನಡುವೆ ಬಿಳಿ ಪರದೆ ಬಿಗಿದರು. ಪಕ್ಕದಲ್ಲಿ ಬೂತು, ಬೂತಿನ ಮೇಲೆ ತರಕಾರಿ ಗಾಡಿಯವರ ಬ್ಯಾಟರಿ ಸ್ಪೀಕರು. ಕರೆಂಟು ಯಾರ ಮನೆಯದೂ ಬೇಡ. ಕೇರಿಯವರೆಲ್ಲ ಬಂದು ಮುಂದೆ ಕುಳಿತರು. ಊರಿನವರು ಹೋಟೆಲಿನ ಕಟ್ಟೆಯ ಮೇಲೆ, ತಾವು ನೋಡಲು ಬಂದವರಲ್ಲ ಎಂಬ ಮುಖ ಹೊತ್ತು. ಬಿಸಿಲಿಗೆ ಪರದೆ ಕಣ್ಣು ಕುಕ್ಕುತ್ತಿತ್ತು.

"ಏನೂ ಕಾಣವಲ್ದಲ್ಲಲೇ ಹುಲುಗಾ" ಎಂದು ಕಟ್ಟೆಯಿಂದ ಯಾರೋ ಕೂಗಿದರು.

"ನಿಮಗ ಯಾವಾಗ ಕಂಡೈತಿ?" ಎಂದು ಹುಲುಗಪ್ಪ ಅಲ್ಲಿಂದಲೇ ಮರುಮಾತು ಹೊಡೆದ. ಮೀಟರಿನಲ್ಲಿ ಕೆಂಪಂಕಿಗಳು ಹಿಂದೆ ಹಿಂದೆ ಓಡಿ ನಿಂತವು. ಸ್ಪೀಕರಿನಿಂದ ಸುಂಕಮ್ಮನ ಧ್ವನಿ ಎದ್ದಿತು.

ಗೂಡಿನ ಅಗಲ, ಅದರಲ್ಲಿ ಕಟ್ಟಿದ ಜೇಡರ ಬಲೆ, ಯಾರ ಲೋಟ ಯಾವುದೆಂದು ತಿಳಿಯಲು ಕಟ್ಟಿದ ದಾರಗಳ ಬಣ್ಣ. ಕೇರಿಯ ಮುದುಕಿಯರು ಒಬ್ಬರ ಕೈ ಒಬ್ಬರು ಹಿಡಿದರು. "ಹಸರು ನಮ್ಮವ್ವಂದು" ಎಂದಳು ಭರಮಮ್ಮ, ಸುಂಕಮ್ಮನ ಓರಗೆಯವಳು, ಎಲ್ಲರಿಗೂ ಕೇಳುವಂತೆ.

ಆಗಲೇ ಹೋಟೆಲಿನ ಎರಡು ದೊಡ್ಡ ಸ್ಪೀಕರುಗಳಿಂದ ಭಕ್ತಿಗೀತೆ ಸಿಡಿಯಿತು. ದುಡ್ಡಿನ ಗಲ್ಲೆಯ ಹಿಂದೆ ನಿಂತ ಅಜ್ಜಯ್ಯ ಸದ್ದು ಏರಿಸುವ ಗುಬುಟು ತಿರುಗಿಸುತ್ತಲೇ ಇದ್ದ. ಹೋಟೆಲಿನ ಮಾಡಿನ ತಗಡು ನಡುಗಿತು. ಬೂತಿನ ಗಾಜು ನಡುಗಿತು. ಸುಂಕಮ್ಮನ ಧ್ವನಿ ಮುಳುಗಿಹೋಯಿತು. ಹುಲುಗಪ್ಪ ತನ್ನ ಸ್ಪೀಕರನ್ನು ತುದಿಯವರೆಗೆ ಏರಿಸಿದರೂ ಅದು ಸೊಳ್ಳೆಯಂತೆ ಗುಂಯ್ಗುಟ್ಟಿತು. ಕಟ್ಟೆಯ ಮೇಲಿನವರು ನಗತೊಡಗಿದರು.

ಕ್ರಾಂತಿ ಹೋಟೆಲಿನತ್ತ ಹೆಜ್ಜೆ ಇಟ್ಟಳು. ಸುಂಕಮ್ಮ ಅವಳ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿ ತಾನೇ ಮುಂದಾದಳು.

ಮುದುಕಿ ಬಯಲು ದಾಟಿದಳು. ಮೆಟ್ಟಿಲ ಬುಡದಲ್ಲಿ ಒಂದು ಕ್ಷಣ ನಿಂತು ತನ್ನ ಕಾಲನ್ನೇ ನೋಡಿಕೊಂಡಳು. ಚಪ್ಪಲಿ ಬಿಡಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋಗಿ, ಗಲ್ಲೆಯ ಎದುರಿನ ಮೇಜಿಗೆ ಕೈಯೂರಿ ಕುರ್ಚಿಯಲ್ಲಿ ಕುಳಿತಳು. ಕುಳಿತು ಅಜ್ಜಯ್ಯನ ಮುಖ ನೋಡುತ್ತ ಬಾಯಾಡಿಸಿದಳು.

ಹಾಡಿನ ಗದ್ದಲದಲ್ಲಿ ಅವನಿಗೆ ಕೇಳಲಿಲ್ಲ. "ಏನು?" ಎಂದ. ಅವಳಿಗೂ ಕೇಳಲಿಲ್ಲ. ಅವಳು ಮತ್ತೆ ಬಾಯಾಡಿಸಿದಳು. ಅವನು ಕಿವಿಗೆ ಕೈ ಹಿಡಿದ. ಎಲ್ಲರೂ ನೋಡುತ್ತಿದ್ದಾರೆ, ಒಳಗೆ ಬಂದು ಕುಳಿತವಳು ಬೈಯುತ್ತಿದ್ದಾಳೋ, ಚಾ ಕೇಳುತ್ತಿದ್ದಾಳೋ ತಿಳಿಯದೆ ಉತ್ತರ ಕೊಡುವುದಾದರೂ ಹೇಗೆ? ಗವಿಸಿದ್ದೇಶ ಗಲ್ಲೆಯ ಪಕ್ಕದಲ್ಲೇ ಇದ್ದ. "ಆರಿಸಪ್ಪಾ. ಏನೋ ಅನ್ನಾಕತ್ಯಾಳ, ಕೇಳು" ಎಂದು ಅಪ್ಪನ ಕಿವಿಯಲ್ಲಿ ಕೂಗಿದ.

ಅಜ್ಜಯ್ಯ ಗುಬುಟನ್ನು ಪಟ್ಟನೆ ತಿರುಗಿಸಿದ. "ಏನಂದಿಬೇ?"

ಆ ದಿಢೀರ್ ಮೌನದೊಳಗೆ, ತುದಿಯವರೆಗೆ ಏರಿಸಿಟ್ಟಿದ್ದ ಬೂತಿನ ಸ್ಪೀಕರಿನಿಂದ ಅವನ ಧ್ವನಿಯೇ ಅವನಿಗೆ ಉತ್ತರ ಕೊಟ್ಟಿತು.

"...ನಿನ್ನ ಲೋಟಕ್ಕ ಕೆಂಪು ದಾರ ಕಟ್ಟಿದ್ದಿ, ನನಗ ನೆಪ್ಪೈತಿ ನೋಡು. ಗೂಡಿನಾಗಿಂದ ನೀ ತೆಗ್ದು ಹಿಡೀತಿದ್ದಿ, ನಾ ಕಟ್ಟಿ ಮ್ಯಾಲ ನಿಂತು ಹೊಯ್ತಿದ್ದೆ. ಮಾರುದ್ದ ಮ್ಯಾಲಿಂದ! ನಮ್ಮಪ್ಪನ ಕಲಿಸಿದ್ದು. ಒಂದು ಹನಿ ಸಿಡೀಲಿಲ್ಲ ಯಾವತ್ತೂ."

ಆ ಧ್ವನಿಯಲ್ಲಿ ಕೇಡಿರಲಿಲ್ಲ. ಅದೇ ಕೇಳಲಾಗದ ಸಂಗತಿ. ಬಾಲ್ಯದ ಒಂದು ಆಟದಲ್ಲಿ ಗೆದ್ದದ್ದನ್ನು ನೆನೆಯುವವನ ಹೆಮ್ಮೆ ಅದು.

ಸ್ಪೀಕರಿನಲ್ಲಿ ಸುಂಕಮ್ಮ ಉತ್ತರ ಕೊಟ್ಟಳು. "ಸಿಡೀತಿತ್ರಿ ಸಾವ್ಕಾರ್ರೆ. ಕೈ ಮ್ಯಾಲ ಸಿಡೀತಿತ್ತು. ಲೋಟ ಬಿಟ್ರ ನಿಮ್ಮಪ್ಪ ಬಡೀತಿದ್ರು. ಅದಕ್ಕ ಬಿಡ್ತಿರ್ಲಿಲ್ಲ."

ಕಟ್ಟೆಯ ಮೇಲಿನವರು ಮಿರ್ಚಿಯ ತಟ್ಟೆ ನೋಡಿದರು. ಅಜ್ಜಯ್ಯನ ಕೈ ಗುಬುಟಿನ ಮೇಲೆಯೇ ಇತ್ತು. ಮತ್ತೆ ಹಾಡು ಹಚ್ಚಬಹುದಿತ್ತು. ಆದರೆ ಗವಿಸಿದ್ದೇಶ ಸ್ಪೀಕರುಗಳ ತಂತಿಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದ.

"ದೀಪ ಹಚ್ತಿದ್ದಿ ಅಂದಿಯಂತಲ್ಲ ಅಜ್ಜಯ್ಯಾ" ಎಂದಳು ಸುಂಕಮ್ಮ. ಹುಟ್ಟಿದಾಗಿನಿಂದ ಅವನ ಹೆಸರನ್ನು ಅವಳು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ಅವನಿಗಿಂತ ಅವಳೇ ದೊಡ್ಡವಳು.

"ಸುಂಕಮ್ಮಾ... ಆಗ ನಾ ಸಣ್ಣಾಂವ."

"ನಾನೂ ಸಣ್ಣಾಕಿನ ಇದ್ದೆ."

ಅವನು ಒಳಗೆ ತಿರುಗಿ, "ಒಂದ್ ಚಾ ಕೊಡ್ರಲೇ ಇಲ್ಲಿ" ಎಂದ.

"ನಾ ಚಾಕ್ಕ ಬಂದಿಲ್ಲ." ಸುಂಕಮ್ಮ ಎದ್ದಳು. "ಅದನ್ನ ಆರಿಸಾಕ ಬಂದಿದ್ದೆ. ಆರಿತು."

ಇಳಿದು ಬಂದವಳು ನೇರ ಬಯಲಿಗೆ ಹೋಗಲಿಲ್ಲ. ಹೊರಗೋಡೆಯ ಹೂವಿನ ಟೈಲ್ಸಿನ ಮುಂದೆ ನಿಂತು, ಕೈ ನೀಡಿ, ಬೆರಳ ಗೆಣ್ಣಿನಿಂದ ಒಂದರ ಮೇಲೆ ಬಡಿದಳು. ಗಟ್ಟಿ ಸದ್ದು. ಪಕ್ಕದ್ದರ ಮೇಲೆ ಬಡಿದಳು. ಗಟ್ಟಿ. ಮೂರನೆಯದು ಟೊಳ್ಳಾಗಿ, ಖಾಲಿ ಡಬ್ಬಿ ಬಡಿದಂತೆ ಡಬ್ಬೆಂದಿತು.

"ಇಲ್ಲೈತಿ" ಎಂದಳು.

ಭರಮಮ್ಮ ಎದ್ದು ಬಂದು ತಾನೂ ಬಡಿದಳು. ಅವಳ ಹಿಂದೆ ಇನ್ನೊಬ್ಬಳು. ಕೇರಿಯ ಸಣ್ಣವರು, ಆ ಗೂಡನ್ನು ಕಣ್ಣಿಂದ ಕಂಡಿಲ್ಲದವರು, ಸಾಲು ನಿಂತರು. ಕ್ರಾಂತಿ ಬಡಿದಾಗ ಒಳಗಿನ ಟೊಳ್ಳು ಅವಳ ಮೊಣಕೈವರೆಗೆ ಕೇಳಿಸಿತು. ಕಟ್ಟೆಯ ಮೇಲಿನಿಂದ ಯಾರೂ ತಡೆಯಲಿಲ್ಲ. ಯಾರೂ ಇಳಿದು ಬಂದು ಸಾಲಿನಲ್ಲಿ ನಿಲ್ಲಲೂ ಇಲ್ಲ, ಗವಿಸಿದ್ದೇಶನೊಬ್ಬನ ಹೊರತು. ಅವನನ್ನು ಕ್ರಾಂತಿ ಎಲ್ಲರಿಗಿಂತ ಹಿಂದೆ ನಿಲ್ಲಿಸಿದಳು.

ಆ ಕಂತು ಈಗ ಯೂಟ್ಯೂಬಿನಲ್ಲಿದೆ. ತೆರೆದರೆ ಬಿಳಿ ಪರದೆ, ಬೇರೇನೂ ಇಲ್ಲ. ನೆಟ್‌ವರ್ಕ್ ಹೋಗಿರಬೇಕೆಂದು ಕೆಲವರು ಮೊಬೈಲು ಕುಟ್ಟುತ್ತಾರೆ. ಆ ಭಾನುವಾರವೂ ಹುಲುಗಪ್ಪ ಇನ್ನೊಂದು ಮೊಬೈಲಿನಲ್ಲಿ ಧ್ವನಿ ಹಿಡಿದಿದ್ದ. ಕ್ರಾಂತಿ ಅದನ್ನು ಕೊನೆಗೆ ಹಾಗೆಯೇ ಸೇರಿಸಿದ್ದಾಳೆ. ಹಾಡು ಸಿಡಿಯುವುದಿದೆ, ಪಟ್ಟನೆ ನಿಲ್ಲುವುದಿದೆ. ಆಮೇಲೆ ಮೆಟ್ಟಿಲು ಇಳಿಯುವ ಚಪ್ಪಲಿಯ ಸದ್ದು. ಅದರಾಚೆಗೆ ಡಬ್, ಡಬ್, ಡಬ್ ಎಂದು ಬಹಳ ಹೊತ್ತು ಗೋಡೆ ಬಡಿಯುತ್ತಿರುವ ಜನ.